ತರಕಾರಿ ಸಾಗಿಸುವ ವಾಹನಗಳ ಹೊರಮೈ ಶುಚಿತ್ವ ಮತ್ತು ತುಕ್ಕಿನ ನಿರ್ವಹಣೆ

ಹೊಸಕೋಟೆ, ಮಾಲೂರು ಹಾಗೂ ಕೋಲಾರದ ಕಡೆಯಿಂದ ಹಳೆ ಮದ್ರಾಸ್ ರಸ್ತೆಯಲ್ಲಿ ನಸುಕಿಗೆ ಹೊರಟು, ಕೆ.ಆರ್. ಪುರದ ಮಾರುಕಟ್ಟೆಗೂ ಹಲಸೂರು ದಾಟಿ ಶಿವಾಜಿನಗರದ ರಸೆಲ್ ಮಾರುಕಟ್ಟೆಗೂ ಟೊಮೆಟೊ, ಹೂಕೋಸು, ಸೊಪ್ಪು ತಲುಪಿಸುವ ಪಿಕಪ್ ವಾಹನಗಳು ಪೂರ್ವ ಒಣ ವಲಯದ ತರಕಾರಿ ಬೇಸಾಯದ ಅವಿಭಾಜ್ಯ ಅಂಗವಾಗಿವೆ. ಅನೇಕ ಕುಟುಂಬಗಳಲ್ಲಿ ಜಮೀನು ಮತ್ತು ಕೊಳವೆಬಾವಿಯ ನಂತರದ ಅತಿ ದೊಡ್ಡ ಹೂಡಿಕೆ ಈ ವಾಹನವೇ. ತರಬೇತಿಗಳಲ್ಲಿ ಬೆಳೆಯ ಪ್ರಶ್ನೆಗಳು ಮುಗಿದ ಮೇಲೆ, ಚಹಾ ವಿರಾಮದಲ್ಲಿ ರೈತರು ಕೇಳುವ ಪ್ರಶ್ನೆಯೊಂದಿದೆ: ಸಾಲದ ಕಂತು ತೀರುವ ಮೊದಲೇ ಗಾಡಿಯ ತಳ ತೂತಾಗುವುದೇಕೆ? ಬೇಸಾಯಶಾಸ್ತ್ರದವನಿಗೆ ವಾಹನದ ಗೊಡವೆ ಏಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಈ ಪ್ರಶ್ನೆಯ ಉತ್ತರ ಗ್ಯಾರೇಜಿಗಿಂತ ಹೆಚ್ಚಾಗಿ ಗೊಬ್ಬರದ ಚೀಲದಲ್ಲಿದೆ. ಆದ್ದರಿಂದ ಈ ಲೇಖನ.

ಬೆಂಗಳೂರಿನಲ್ಲಿ ತುಕ್ಕು ಏಕೆ?

ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಒಟ್ಟಿಗೆ ದೊರೆತರೆ ತುಕ್ಕು ಹಿಡಿಯುತ್ತದೆ. ಆ ನೀರಿನಲ್ಲಿ ಲವಣ ಕರಗಿದ್ದರೆ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಕ್ರಿಯೆ ಹಲವು ಪಟ್ಟು ವೇಗ ಪಡೆಯುತ್ತದೆ. ಮಂಗಳೂರು, ಕಾರವಾರಗಳಲ್ಲಿ ವಾಹನಗಳು ಬೇಗ ಹಾಳಾಗುವುದು ಕಡಲ ಗಾಳಿಯಲ್ಲಿರುವ ಉಪ್ಪಿನಿಂದ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಕರಾವಳಿಯಿಂದ ಬಹು ದೂರವಿದೆ. ಇಲ್ಲಿ ಮನೆಬಳಕೆಯ ಕಾರು ಹತ್ತು ಹನ್ನೆರಡು ವರ್ಷ ಕಳೆದರೂ ಗಟ್ಟಿಯಾಗಿರುವುದನ್ನು ಇಂದಿರಾನಗರದ ಯಾವ ಬೀದಿಯಲ್ಲಾದರೂ ಕಾಣಬಹುದು. ಅದೇ ಹವೆಯಲ್ಲಿ ಓಡಾಡುವ ರೈತರ ಪಿಕಪ್ ಮಾತ್ರ ಬೇಗ ಸೊರಗುತ್ತದೆಂದರೆ, ಉಪ್ಪು ಗಾಳಿಯಿಂದ ಬಂದದ್ದಲ್ಲ, ನಾವು ಹೇರಿ ತಂದದ್ದು ಎಂದೇ ಅರ್ಥ.

ನಗರಕ್ಕೆ ತರಕಾರಿ ಇಳಿಸಿದ ವಾಹನ ಬರಿದಾಗಿ ಹಿಂದಿರುಗುವುದು ಕಡಿಮೆ. ರಸಗೊಬ್ಬರ, ಕೋಳಿ ಗೊಬ್ಬರ, ಹಿಂಡಿ, ಕೆಲವೊಮ್ಮೆ ಕಡಲ ಮೀನಿನ ಪೆಟ್ಟಿಗೆಗಳು, ಹೀಗೆ ಏನಾದರೊಂದು ಹೇರು ಇರುತ್ತದೆ. ಚೀಲ ಇಳಿಸಿದ ಮೇಲೆ ತಳದ ಮಡಿಕೆಗಳಲ್ಲಿ, ಬೋಲ್ಟುಗಳ ಸುತ್ತ, ಹಿಂಬಾಗಿಲ ಕೀಲಿನ ಸಂದಿಯಲ್ಲಿ ಒಂದು ಹಿಡಿ ಪುಡಿ ಉಳಿಯುತ್ತದೆ. ಒಣಗಿರುವಾಗ ಅದು ನಿರುಪದ್ರವಿ. ಗಾಳಿಯ ತೇವವನ್ನು ಹೀರಿ ನೀರಾದ ಮೇಲೆ ಉಪದ್ರವ ಮೊದಲಾಗುತ್ತದೆ.

ಯಾವ ಗೊಬ್ಬರ, ಎಷ್ಟು ಅಪಾಯ?

ಪ್ರತಿಯೊಂದು ಗೊಬ್ಬರಕ್ಕೂ ಗಾಳಿಯ ಆರ್ದ್ರತೆಯ ಒಂದು ಮಿತಿಯಿದೆ. ಅದನ್ನು ಮೀರಿದಾಗ ಗೊಬ್ಬರ ತಾನಾಗಿ ತೇವ ಎಳೆದುಕೊಂಡು ಕರಗತೊಡಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಈ ಮಿತಿ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ಗೆ ಸುಮಾರು ಶೇ 84, ಡಿಎಪಿಗೆ ಶೇ 82ರ ಆಸುಪಾಸು, ಯೂರಿಯಾಗೆ ಶೇ 73ರಿಂದ 75. ಟೊಮೆಟೊ ಮತ್ತು ದೊಣ್ಣೆ ಮೆಣಸಿನಕಾಯಿ ಬೆಳೆಗಾರರು ಹನಿ ನೀರಾವರಿಯಲ್ಲಿ ಬಳಸುವ ಕ್ಯಾಲ್ಸಿಯಂ ನೈಟ್ರೇಟ್‌ಗೆ ಕೇವಲ ಶೇ 47ರಷ್ಟು. ಬೆಂಗಳೂರಿನ ಮಳೆಗಾಲದ ಮುಂಜಾವಿನಲ್ಲಿ ಆರ್ದ್ರತೆ ಶೇ 80 ದಾಟುವುದು ಸಾಮಾನ್ಯ. ಅಂದರೆ ಒಂದು ಹನಿ ಮಳೆ ಬೀಳದಿದ್ದರೂ ಯೂರಿಯಾ ಮತ್ತು ಕ್ಯಾಲ್ಸಿಯಂ ನೈಟ್ರೇಟಿನ ಪುಡಿ ಇರುವ ಕಡೆ ತಳ ಒದ್ದೆಯಾಗಿಯೇ ಇರುತ್ತದೆ. ಹಲವು ಗೊಬ್ಬರಗಳು ಬೆರೆತಾಗ ಈ ಮಿತಿ ಇನ್ನೂ ಕೆಳಗಿಳಿಯುತ್ತದೆ. ವಾಹನದ ತಳದಲ್ಲಿ ಉಳಿಯುವುದು ಯಾವಾಗಲೂ ಬೆರಕೆ ಪುಡಿಯೇ.

ತುಕ್ಕಿನ ದೃಷ್ಟಿಯಿಂದ ಎಲ್ಲಕ್ಕಿಂತ ಎಚ್ಚರಿಕೆ ಬೇಕಾದದ್ದು ಮ್ಯೂರಿಯೇಟ್ ಆಫ್ ಪೊಟ್ಯಾಷ್. ಅದರ ತೂಕದ ಅರ್ಧಕ್ಕೆ ತುಸು ಕಡಿಮೆ ಭಾಗ ಕ್ಲೋರೈಡ್. 50 ಕಿ.ಗ್ರಾಂ ಚೀಲವೊಂದರಲ್ಲಿ ಸುಮಾರು 23 ಕಿ.ಗ್ರಾಂ ಕ್ಲೋರೈಡ್ ಇದ್ದಂತಾಯಿತು. ಕಡಲ ಉಪ್ಪಿನಲ್ಲಿ ಕಬ್ಬಿಣವನ್ನು ತಿನ್ನುವುದೂ ಈ ಕ್ಲೋರೈಡೇ. ಕೋಳಿ ಗೊಬ್ಬರದ ಅಪಾಯ ಬೇರೆ ಬಗೆಯದು. ಅದು ತೇವವಾಗಿರುತ್ತದೆ, ಲವಣಯುಕ್ತವಾಗಿರುತ್ತದೆ, ಜೊತೆಗೆ ಅಮೋನಿಯಾ ಬಿಡುತ್ತದೆ. ಅಮೋನಿಯಾ ತಾಮ್ರ ಹಾಗೂ ಹಿತ್ತಾಳೆಯನ್ನು ತಿನ್ನುವುದರಿಂದ ಹಿಂದಿನ ದೀಪದ ತಂತಿಗಳ ಜೋಡಣೆ ಮೊದಲು ಕೆಡುತ್ತದೆ. ಹಿಂದಿನ ದೀಪ ಪದೇ ಪದೇ ಹತ್ತದ ಗಾಡಿಗಳಲ್ಲಿ ಕೋಳಿ ಗೊಬ್ಬರ ಹೇರುವ ರೂಢಿ ಇದೆಯೇ ಎಂದು ಒಮ್ಮೆ ವಿಚಾರಿಸಿ ನೋಡಿ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಕ್ಷೇತ್ರ ಪ್ರಯೋಗವೊಂದಕ್ಕೆಂದು ಕೊಂಡ ಕ್ಯಾಲ್ಸಿಯಂ ನೈಟ್ರೇಟಿನ ಒಡೆದ ಚೀಲವನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮರೆತಿದ್ದೆ. ಚೀಲ ತೆಗೆದ ಮೇಲೆ ಒರೆಸಿದೆನಾದರೂ ಹೊದಿಕೆಯ ಕೆಳಗೆ ಇಳಿದಿದ್ದ ದ್ರವವನ್ನು ಗಮನಿಸಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ, ಹೆಚ್ಚುವರಿ ಚಕ್ರ ತೆಗೆಯಲು ಹೊದಿಕೆ ಎತ್ತಿದಾಗ ಅಡಿಯಲ್ಲಿ ರಸ್ತೆ ಕಾಣಿಸಿತು. ಗೊಬ್ಬರ ಸಂಗ್ರಹಣೆಯ ಬಗ್ಗೆ ರೈತರಿಗೆ ಉಪನ್ಯಾಸ ಕೊಡುತ್ತಿದ್ದ ಕಾಲವದು.

ಇದಕ್ಕೆ ಅತ್ಯಂತ ಅಗ್ಗದ ಪರಿಹಾರ ತೊಳೆಯುವುದಲ್ಲ, ತಡೆಯುವುದು. ಗೊಬ್ಬರ ಹೇರುವ ಮುನ್ನ ಹಳೆಯ ಟಾರ್ಪಾಲನ್ನು ತಳಕ್ಕೆ ಹಾಸಿ, ನಾಲ್ಕೂ ಅಂಚುಗಳನ್ನು ಒಂದು ಅಡಿಯಷ್ಟು ಮೇಲಕ್ಕೆ ಮಡಿಸಬೇಕು. ಚೀಲ ಇಳಿಸಿದ ಮೇಲೆ ಟಾರ್ಪಾಲನ್ನು ಎತ್ತಿ ಹೊಲದಲ್ಲಿಯೇ ಕೊಡವಿದರೆ ಪುಡಿ ಬೆಳೆಗೆ ದಕ್ಕುತ್ತದೆ. ರಬ್ಬರ್ ಹಾಸನ್ನು ಕಾಯಂ ಹಾಕಿಡುವವರು ವಾರಕ್ಕೊಮ್ಮೆಯಾದರೂ ಎತ್ತಿ ತಳವನ್ನು ಒಣಗಿಸಬೇಕು. ಇಲ್ಲವಾದರೆ ಹಾಸು ರಕ್ಷಣೆ ಕೊಡುವ ಬದಲು ಉಪ್ಪು ನೀರನ್ನು ಕಾದಿಡುತ್ತದೆ.

ಚಾಕು ಪರೀಕ್ಷೆ ಕಲಿಸುವ ಪಾಠ

ದ್ರಾಕ್ಷಿ ಬೆಳೆಗಾರರಿಗೆ ಬೋರ್ಡೋ ದ್ರಾವಣದ ಚಾಕು ಪರೀಕ್ಷೆ ಹೊಸದಲ್ಲ. ಶೇ 1ರ ದ್ರಾವಣಕ್ಕೆ 1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಣ್ಣ, 100 ಲೀಟರ್ ನೀರು. ತಯಾರಾದ ದ್ರಾವಣದಲ್ಲಿ ಹೊಳೆಯುವ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿದಾಗ ಅಲಗಿನ ಮೇಲೆ ಕೆಂಪು ಲೇಪ ಬಂದರೆ ಸುಣ್ಣ ಸಾಲದು ಎಂದು ತಿಳಿಯುತ್ತೇವೆ. ಆ ಕೆಂಪು ತುಕ್ಕಲ್ಲ, ತಾಮ್ರ. ಕಬ್ಬಿಣ ಕರಗಿ, ಅದರ ಜಾಗದಲ್ಲಿ ತಾಮ್ರ ಕೂತಿರುತ್ತದೆ.

ಮೈಲುತುತ್ತದ ಹರಳು ಅಥವಾ ಸುಣ್ಣ ಬೆರೆಸದ ದ್ರಾವಣ ವಾಹನದ ಮೇಲೆ ಚೆಲ್ಲಿದಾಗ, ಬಣ್ಣ ಗೀಚಿಹೋದ ಪ್ರತಿಯೊಂದು ಜಾಗದಲ್ಲಿಯೂ ಇದೇ ಚಾಕು ಪರೀಕ್ಷೆ ನಡೆಯುತ್ತದೆ. ಕೂತ ತಾಮ್ರದ ಕಣ ಸುಮ್ಮನಿರುವುದಿಲ್ಲ. ತೇವ ಬಂದಾಗಲೆಲ್ಲ ತನ್ನ ಪಕ್ಕದ ಕಬ್ಬಿಣವನ್ನು ಇನ್ನಷ್ಟು ಬೇಗ ಕರಗಿಸುತ್ತದೆ. ಆದ್ದರಿಂದ ಮೈಲುತುತ್ತವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿಯೇ ಸಾಗಿಸಬೇಕು. ಚೆಲ್ಲಿದರೆ ಸಂಜೆಯವರೆಗೆ ಕಾಯದೆ ಆ ಕ್ಷಣವೇ ಸಾಕಷ್ಟು ನೀರು ಸುರಿಯಬೇಕು. ಸಿಂಪರಣೆ ಮಾಡುವಾಗ ಗಾಳಿಯ ಕೆಳದಿಕ್ಕಿನಲ್ಲಿ ವಾಹನ ನಿಲ್ಲಿಸಕೂಡದು.

ನಿಲುಗಡೆ, ಮರ ಮತ್ತು ಹೊರಮೈ

ಬಣ್ಣವೇ ಕಬ್ಬಿಣದ ಚರ್ಮ. ಪ್ರೈಮರಿನಿಂದ ಮೊದಲ್ಗೊಂಡು ಮೇಲಿನ ಪಾರದರ್ಶಕ ಪದರದವರೆಗೆ ಎಲ್ಲ ಸೇರಿ ಅದರ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಎಂದರೆ ತಲೆಗೂದಲಿನ ಸುಮಾರು ಎರಡು ಪಟ್ಟು ಮಾತ್ರ. ನಮ್ಮ ಕೆಂಪು ಮಣ್ಣು ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದ ಹುಟ್ಟಿದ್ದು; ಅದರ ತುಂಬ ಬೆಣಚುಕಲ್ಲಿನ ಮರಳು. ಬೆಣಚು ಈ ಬಣ್ಣಕ್ಕಿಂತ ಬಹಳ ಗಡುಸು. ಬೆಳಗ್ಗೆ ಎದ್ದೊಡನೆ ಒಣ ಬಟ್ಟೆಯಿಂದ ಧೂಳು ಒರೆಸುವ ನಮ್ಮ ರೂಢಿ ನೋಡಲು ಶುಚಿತ್ವದಂತೆ ಕಂಡರೂ ಅದು ದಿನನಿತ್ಯ ಉಪ್ಪುಕಾಗದದಿಂದ ಉಜ್ಜಿದಂತೆ. ಧೂಳನ್ನು ಮೊದಲು ನೀರಿನಿಂದ ಇಳಿಸಿ, ಅನಂತರವೇ ಬಟ್ಟೆ ಮುಟ್ಟಿಸಬೇಕು.

ದಂಡು ಪ್ರದೇಶದ ಮಳೆಮರಗಳ ನೆರಳು ಹಿತವಾಗಿದ್ದರೂ ಕೆಳಗೆ ನಿಂತ ವಾಹನದ ಮೇಲೆ ಸಣ್ಣ ಅಂಟು ಹನಿಗಳು ಬೀಳುತ್ತವೆ. ಬಹುಮಟ್ಟಿಗೆ ಇದು ಮರದ ಹಾಲಲ್ಲ, ರಸ ಹೀರುವ ಕೀಟಗಳು ವಿಸರ್ಜಿಸುವ ಸಿಹಿ ದ್ರವ. ಮಾವಿನ ಹೂ ಬಿಡುವ ಕಾಲದಲ್ಲಿ ಜಿಗಿಹುಳು ಬಿದ್ದ ತೋಟದಲ್ಲಿ ಎಲೆಯ ಮೇಲೆ ಅಂಟು ಬಂದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುವುದನ್ನು ಶ್ರೀನಿವಾಸಪುರದ ಬೆಳೆಗಾರರು ಬಲ್ಲರು. ವಾಹನದ ಮೇಲೂ ಹಾಗೆಯೇ. ಅಂಟಿಗೆ ಧೂಳು ಹಿಡಿದು, ಬಿಸಿಲಿಗೆ ಒಣಗಿದರೆ ಕೆರೆಯದೆ ಬಿಡುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಹತ್ತು ನಿಮಿಷ ಹಾಕಿಟ್ಟರೆ ಸಕ್ಕರೆ ಕರಗಿ ತಾನೇ ಸಡಿಲವಾಗುತ್ತದೆ. ಹಕ್ಕಿಯ ಹಿಕ್ಕೆಗೂ ಇದೇ ಉಪಾಯ. ಆದರೆ ಅದರಲ್ಲಿ ಯೂರಿಕ್ ಆಮ್ಲ ಇರುವುದರಿಂದ ಬಿಸಿಲಲ್ಲಿ ಒಂದೆರಡು ದಿನ ಬಿಟ್ಟರೂ ಬಣ್ಣದಲ್ಲಿ ಅಳಿಯದ ಗುರುತು ಉಳಿಯಬಹುದು.

ಕಾಮಗಾರಿ ನಡೆಯುವ ಕಡೆ ಬೀಳುವ ಸಿಮೆಂಟ್ ಹನಿಗಳು ಕ್ಷಾರೀಯ. ಹಸಿಯಿರುವಾಗಲೇ ತೊಳೆಯಬೇಕು. ಒಣಗಿದ್ದರೆ ಸಮಪ್ರಮಾಣದ ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ನೆನೆಸಿ ತೆಗೆದು, ಕೂಡಲೇ ಶುದ್ಧ ನೀರು ಹಾಕಬೇಕು. ರಸೆಲ್ ಮಾರುಕಟ್ಟೆಯಲ್ಲಿ ಮೀನಿನ ವಿಭಾಗದ ಬದಿಗೆ ನಿಲ್ಲಿಸಬೇಕಾಗಿ ಬಂದವರು, ಕಡಲ ಮೀನಿನ ಪೆಟ್ಟಿಗೆಗಳಿಂದ ಸೋರುವ ಮಂಜುಗಡ್ಡೆಯ ನೀರು ಚಕ್ರಗಳಿಗೂ ಮಡ್‌ಗಾರ್ಡಿನ ಒಳಮೈಗೂ ಸಿಡಿಯುತ್ತದೆಂಬುದನ್ನು ನೆನಪಿಡಬೇಕು. ಕೊಳೆತ ಟೊಮೆಟೊ ರಸದ ರಸಸಾರ ಸಾಮಾನ್ಯವಾಗಿ 4.2ರಿಂದ 4.6ರ ಒಳಗೆ ಇದ್ದು, ಅದೂ ಆಮ್ಲೀಯವೇ.

ತೊಳೆಯುವ ಕ್ರಮ

ನೀರಿನ ವಿಚಾರ ಮೊದಲು. 2024ರ ಮಾರ್ಚ್ ತಿಂಗಳಲ್ಲಿ, ಬೇಸಿಗೆಯ ಅಭಾವದ ನಡುವೆ, ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ನಿಮಿಷಕ್ಕೆ 12 ಲೀಟರ್ ಬಿಡುವ ಪೈಪನ್ನು ಇಪ್ಪತ್ತು ನಿಮಿಷ ತೆರೆದಿಟ್ಟರೆ 240 ಲೀಟರ್ ನೀರು ಹೋಗುತ್ತದೆ. ಬಕೆಟ್ಟಿನಿಂದ ಕೆಲಸ ಮಾಡಿದರೆ ನಾಲ್ಕು ಬಕೆಟ್, ಅಂದರೆ ಸುಮಾರು 60 ಲೀಟರ್ ಸಾಕು. ಹೊಲದಲ್ಲಿ ಕೊಯ್ಲಿನ ನೀರಿನ ತೊಟ್ಟಿ ಇರುವವರು ಅದನ್ನೇ ಬಳಸುವುದು ಉತ್ತಮ. ಮಳೆನೀರು ಮೆದು ನೀರು, ಒಣಗಿದ ಮೇಲೆ ಕಲೆ ಬಿಡುವುದಿಲ್ಲ. ಕೊಳವೆಬಾವಿಯ ಗಡಸು ನೀರನ್ನು ಬಳಸುವವರು ಅದು ಮೈಮೇಲೆ ಒಣಗಲು ಬಿಡದೆ ಒರೆಸಬೇಕು. ಬಿಳಿ ಚುಕ್ಕೆಗಳಾಗಿ ಕೂತ ಸುಣ್ಣದಂಶಕ್ಕೆ ಮೇಲೆ ಹೇಳಿದ ವಿನೆಗರ್ ನೀರು ಸಾಕಾಗುತ್ತದೆ.

ಗೊಬ್ಬರ ಹೇರಿದ ದಿನ ಸಂಜೆಯೇ, ಇಬ್ಬನಿ ಬೀಳುವ ಮುನ್ನ, ತಳವನ್ನು ತೊಳೆಯುವುದು ಎಲ್ಲಕ್ಕಿಂತ ಮುಖ್ಯ. ಮೊದಲು ಒಣ ಪೊರಕೆಯಿಂದ ಸಂದಿಗಳನ್ನೆಲ್ಲ ಗುಡಿಸಿ ಪುಡಿಯನ್ನು ಹೊರಹಾಕಬೇಕು. ಒಣ ಪುಡಿಗೆ ನೇರವಾಗಿ ನೀರು ಸುರಿದರೆ ಅದು ಕರಗಿ ಇನ್ನೂ ಒಳಕ್ಕೆ ಇಳಿಯುತ್ತದೆ. ಗುಡಿಸಿದ ಮೇಲೆ ಒಂದು ಬಕೆಟ್ ನೀರನ್ನು ಎರಡು ಮೂರು ಕಂತಿನಲ್ಲಿ ಹಾಕಿ ತೊಳೆದು, ವಾಹನವನ್ನು ತುಸು ಇಳಿಜಾರಿನಲ್ಲಿ ಹಿಂಬಾಗಿಲು ತೆರೆದು ನಿಲ್ಲಿಸಬೇಕು. ಕ್ಯಾಬಿನ್ ಅಂದವಾಗಿ ಹೊಳೆಯುತ್ತ ತಳ ಕೊಳೆತ ಗಾಡಿಗಳೇ ಹೆಚ್ಚು. ಸಮಯ ಕಡಿಮೆಯಿದ್ದರೆ ಕ್ಯಾಬಿನ್ ಬಿಡಿ, ತಳ ತೊಳೆಯಿರಿ.

ವಾರದ ಪೂರ್ಣ ತೊಳೆತವನ್ನು ನೆರಳಿನಲ್ಲಿ, ಎಂಜಿನ್ ಆರಿದ ಮೇಲೆ ಮಾಡಬೇಕು. ಒಂದು ಬಕೆಟ್ಟಿನಲ್ಲಿ ವಾಹನದ ಶ್ಯಾಂಪೂ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಪ್ರತಿ ಸಲ ಬರೀ ನೀರಿನಲ್ಲಿ ಜಾಲಿಸಿಯೇ ಶ್ಯಾಂಪೂ ಬಕೆಟ್ಟಿಗೆ ಅದ್ದಬೇಕು. ಮೇಲಿನಿಂದ ಕೆಳಕ್ಕೆ ಬರಬೇಕು. ಬಟ್ಟೆ ಒಗೆಯುವ ಪುಡಿ ಹಾಗೂ ಪಾತ್ರೆ ಸೋಪು ಬಣ್ಣದ ಮೇಲಿನ ಮೇಣವನ್ನು ಕಿತ್ತುಹಾಕುತ್ತವೆ. ಮಡ್‌ಗಾರ್ಡಿನ ಒಳಭಾಗ, ಚಾಸಿಯ ಉದ್ದುದ್ದ ತೊಲೆಗಳ ಮೇಲ್ಮೈ ಮತ್ತು ಸ್ಪ್ರಿಂಗ್ ಪಟ್ಟಿಗಳ ನಡುವೆ ಕೂತ ಕೆಸರನ್ನು ತೆಗೆಯದಿದ್ದರೆ ಅದು ಒದ್ದೆ ಸ್ಪಂಜಿನಂತೆ ವಾರಗಟ್ಟಲೆ ತೇವ ಹಿಡಿದಿಡುತ್ತದೆ. ವಾಟರ್ ಸರ್ವಿಸ್ ಮಾಡಿಸುವವರು ಒತ್ತಡದ ನೀರನ್ನು ಬಣ್ಣ ಎದ್ದ ಜಾಗಕ್ಕೂ ಚಕ್ರದ ಬೇರಿಂಗಿಗೂ ಹತ್ತಿರದಿಂದ ಬಿಡದಂತೆ ನೋಡಿಕೊಳ್ಳಬೇಕು.

ಶಿವಾಜಿನಗರದಲ್ಲಿ ಹಳೆಯ ವಾಹನಗಳ ಬಿಡಿಭಾಗ ಮಾರುವ ಓಣಿಗಳಿಗೆ ಹೋದಾಗ ಸಾಲಾಗಿ ಒರಗಿಸಿಟ್ಟ ಬಾಗಿಲುಗಳ ಕೆಳ ಅಂಚನ್ನು ಗಮನಿಸಿ. ಕೊಳೆತವು ಹೆಚ್ಚಾಗಿ ಅಲ್ಲಿಯೇ, ಅದೂ ಒಳಗಿನಿಂದ ಹೊರಕ್ಕೆ. ಗಾಜಿನ ಸಂದಿಯಿಂದ ಇಳಿದ ನೀರು ಹೊರಹೋಗಲೆಂದು ಬಾಗಿಲಿನ ಅಡಿಯಲ್ಲಿ ಸಣ್ಣ ರಂಧ್ರಗಳಿರುತ್ತವೆ. ಧೂಳು ಮತ್ತು ಎಲೆಚೂರು ಅವನ್ನು ಮುಚ್ಚಿದರೆ ಬಾಗಿಲೇ ತೊಟ್ಟಿಯಾಗುತ್ತದೆ. ತಿಂಗಳಿಗೊಮ್ಮೆ ತೆಂಗಿನ ಕಡ್ಡಿಯಿಂದ ಈ ರಂಧ್ರಗಳನ್ನು ಬಿಡಿಸುವುದು ಐದು ನಿಮಿಷದ ಕೆಲಸ. ಪಿಕಪ್ಪಿನ ತಳದ ರಂಧ್ರಗಳಿಗೂ ಇದು ಅನ್ವಯ.

ತೊಳೆದು ಒಣಗಿಸಿದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಹೊರಮೈಗೆ ಮೇಣದ ಪಾಲಿಷ್ ಹಚ್ಚಿದರೆ ನೀರು ನಿಲ್ಲದೆ ಜಾರುತ್ತದೆ. ಮಳೆಗಾಲಕ್ಕೆ ಮುನ್ನ, ಮೇ ತಿಂಗಳಲ್ಲಿ ಒಮ್ಮೆ ತಪ್ಪದೆ ಹಚ್ಚಬೇಕು.

ತೊಳೆದ ನೀರು ಎಲ್ಲಿಗೆ?

ಹಲಸೂರು, ಇಂದಿರಾನಗರದ ಕಡೆಯ ಚರಂಡಿ ನೀರು ಚಲ್ಲಘಟ್ಟ ಕಣಿವೆಯಲ್ಲಿ ಹರಿದು ಬೆಳ್ಳಂದೂರು ಕೆರೆಯನ್ನು, ಅಲ್ಲಿಂದ ವರ್ತೂರು ಕೆರೆಯನ್ನು ಸೇರಿ, ಕೊನೆಗೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. 2015ರಲ್ಲಿ ಈ ಕೆರೆಗಳ ನೊರೆ ಗಾಳಿಗೆ ಹಾರಿ ರಸ್ತೆಯ ಮೇಲೆ ಬಿದ್ದದ್ದನ್ನು ಎಲ್ಲರೂ ಕಂಡಿದ್ದಾರೆ. ಆ ನೊರೆಯಲ್ಲಿ ಮನೆಮನೆಯ ಮಾರ್ಜಕದ ಪಾಲಿತ್ತು. ನಗರದ ಬೀದಿಯಲ್ಲಿ ಗಾಡಿ ತೊಳೆದು ಬಂದ ರೈತನ ನೆರೆಯವನೇ ಕೆಳಗಿನ ಹೊಲದಲ್ಲಿ ಆ ನೀರನ್ನು ಹಾಯಿಸುತ್ತಿರಬಹುದು.

ಊರಿಗೆ ಮರಳಿ ತೊಳೆಯುವುದೇ ಸೂಕ್ತ. ಮಾರ್ಜಕವಿಲ್ಲದೆ, ಬರೀ ಗೊಬ್ಬರದ ಪುಡಿ ಕರಗಿದ ಮೊದಲ ನೀರನ್ನು ತೆಂಗಿನ ಪಾತಿಗೆ ಅಥವಾ ಮೇವಿನ ತಾಕಿಗೆ ಹರಡಿ ಬಿಡಬಹುದು. ಒಂದೇ ಗಿಡದ ಬುಡಕ್ಕೆ ಸುರಿಯಬಾರದು. ಮೈಲುತುತ್ತ ಅಥವಾ ಕೀಟನಾಶಕ ಚೆಲ್ಲಿದ್ದರೆ ಆ ನೀರು ಮೇವಿಗೆ ಸಲ್ಲದು. ಯಾವ ನೀರೇ ಆಗಲಿ, ಕೊಳವೆಬಾವಿ, ಕೃಷಿಹೊಂಡ ಮತ್ತು ದನ ನೀರು ಕುಡಿಯುವ ತೊಟ್ಟಿಗಳಿಂದ ದೂರವಿರಬೇಕು.

ತುಕ್ಕು ಕಂಡಾಗ

ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದಲೇ ಬಣ್ಣ ಗುಳ್ಳೆಯಂತೆ ಏಳುತ್ತದೆ. ಗುಳ್ಳೆ ಕಂಡರೆ ತುಕ್ಕು ಅದರ ಅಂಚಿಗಿಂತ ಆಚೆಗೂ ಹಬ್ಬಿದೆ ಎಂದು ತಿಳಿಯಬೇಕು. ಒಣ ದಿನವೊಂದನ್ನು ಆರಿಸಿ, ಬೆಳಗ್ಗೆ ಹತ್ತರ ನಂತರ ಕೆಲಸ ಆರಂಭಿಸಿ. ತಂತಿ ಬ್ರಷ್ಷಿನಿಂದ ಕೆರೆದು, 80ನೇ ಸಂಖ್ಯೆಯ ಉಪ್ಪುಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ಗುಳಿಗಳಲ್ಲಿ ಲವಣ ಉಳಿದಿರುವುದರಿಂದ ಈ ಹಂತದಲ್ಲಿ ಶುದ್ಧ ನೀರಿನಿಂದ ತೊಳೆದು ತಕ್ಷಣ ಒಣಗಿಸುವುದು ಅಗತ್ಯ. ಬಹುಮಂದಿ ಬಿಟ್ಟುಬಿಡುವ ಹಂತವಿದು. ನಂತರ 220ನೇ ಸಂಖ್ಯೆಯ ಕಾಗದ, ತಿನ್ನರಿನಲ್ಲಿ ಅದ್ದಿದ ಬಟ್ಟೆ, ಅದೇ ದಿನ ಜಿಂಕ್ ಫಾಸ್ಫೇಟ್ ಅಥವಾ ರೆಡ್ ಆಕ್ಸೈಡ್ ಪ್ರೈಮರಿನ ಎರಡು ಲೇಪ, ಒಣಗಿದ ಮೇಲೆ ಎನಾಮೆಲ್ ಬಣ್ಣ. ರಾತ್ರಿ ಬರೀ ಲೋಹವನ್ನು ಇಬ್ಬನಿಗೆ ಬಿಟ್ಟರೆ ಬೆಳಗ್ಗೆ ಮತ್ತೆ ಮೊದಲಿನಿಂದ.

ಹನಿ ನೀರಾವರಿಯ ಕೊಳವೆ ಶುಚಿಗೊಳಿಸಲು ತಂದ ಹೈಡ್ರೋಕ್ಲೋರಿಕ್ ಆಮ್ಲವನ್ನು ತುಕ್ಕಿಗೆ ಹಾಕುವ ರೂಢಿ ಕೆಲವರಲ್ಲಿದೆ. ತುಕ್ಕು ಕ್ಷಣದಲ್ಲಿ ಮಾಯವಾಗುವುದು ನಿಜ. ಆದರೆ ಆ ಆಮ್ಲ ಬಿಟ್ಟುಹೋಗುವುದು ಕ್ಲೋರೈಡನ್ನೇ. ಒಂದು ವಾರದೊಳಗೆ ತುಕ್ಕು ಮೊದಲಿಗಿಂತ ಕೆಂಪಾಗಿ ಮರಳುತ್ತದೆ. ಆಮ್ಲವೇ ಬೇಕೆಂದರೆ ಫಾಸ್ಫಾರಿಕ್ ಆಮ್ಲ ಆಧರಿಸಿದ ರಸ್ಟ್ ಕನ್ವರ್ಟರ್ ಬಣ್ಣದ ಅಂಗಡಿಗಳಲ್ಲಿ ದೊರೆಯುತ್ತದೆ. ಅದು ಉಳಿದ ತುಕ್ಕನ್ನು ಗಟ್ಟಿ ಕಬ್ಬಿಣ ಫಾಸ್ಫೇಟ್ ಪದರವಾಗಿ ಮಾರ್ಪಡಿಸುತ್ತದೆ. ಕೈಗವಸು ಮತ್ತು ಕನ್ನಡಕ ಧರಿಸಿಯೇ ಬಳಸಬೇಕು.

ತುಕ್ಕಿನ ಮೇಲೆಯೇ ಪುಟ್ಟಿ ಬಳಿದು ಬಣ್ಣ ಹೊಡೆಸುವುದು, ತುಕ್ಕು ತೆಗೆಯದೆ ತಳಕ್ಕೆ ಕಪ್ಪು ಅಂಡರ್‌ಕೋಟಿಂಗ್ ಮಾಡಿಸುವುದು, ಎರಡೂ ಗಾಯಕ್ಕೆ ಔಷಧಿ ಹಾಕದೆ ಪಟ್ಟಿ ಕಟ್ಟಿದಂತೆ. ಸುಟ್ಟ ಎಂಜಿನ್ ಎಣ್ಣೆಯನ್ನು ತಳಕ್ಕೆ ಬಳಿಯುವುದೂ ಬಹಳ ಕಡೆ ರೂಢಿಯಲ್ಲಿದೆ. ಸ್ವಲ್ಪ ಕಾಲ ತುಕ್ಕು ತಡೆಯುವುದಾದರೂ ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ಧೂಳನ್ನು ಹಿಡಿಯುತ್ತದೆ, ಹೊಲದ ಮಣ್ಣಿಗೆ ತೊಟ್ಟಿಕ್ಕುತ್ತದೆ. ಸೊಪ್ಪು ತರಕಾರಿ ಸಾಗಿಸುವ ವಾಹನಕ್ಕೆ ಅದು ಖಂಡಿತ ಬೇಡ. ಸೀಮೆಎಣ್ಣೆ, ಡೀಸೆಲ್ ಬಟ್ಟೆಯಿಂದ ಕ್ಯಾಬಿನ್ ಒರೆಸಿದರೆ ಒಂದು ದಿನ ಹೊಳೆಯುತ್ತದೆ, ಮರುದಿನದಿಂದ ಧೂಳು ಅಂಟುತ್ತದೆ.

ಚಾಸಿಯ ತೊಲೆಗೆ ತುಕ್ಕು ಹತ್ತಿದ್ದರೆ ಮನೆಯ ಉಪಾಯಗಳು ಸಲ್ಲವು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಖಣಿಲೆನ್ನುವ ಬದಲು ಮಂಕಾದ ಸದ್ದು ಬಂದರೆ ಅಥವಾ ಪದರ ಉದುರಿದರೆ ನುರಿತ ಟಿಂಕರಿಂಗ್ ಕೆಲಸಗಾರರಿಗೆ ತೋರಿಸಬೇಕು. ಬಾಡಿಗೆ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಅರ್ಹತಾ ಪ್ರಮಾಣಪತ್ರ ನವೀಕರಿಸಬೇಕಾಗುತ್ತದೆ. ತಪಾಸಣೆಯ ದಿನ ಕಂಡ ತೂತಿಗಿಂತ ಮೂರು ತಿಂಗಳ ಮೊದಲು ಕಂಡ ತೂತಿನ ಖರ್ಚು ಕಡಿಮೆ. ಬೆಸುಗೆ ಹಾಕಿಸುವಾಗ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಇಂಧನ ತೊಟ್ಟಿಯ ಸಮೀಪವಾದರೆ ತೊಟ್ಟಿಯನ್ನು ಬಿಚ್ಚಿಸಿಯೇ ಕೆಲಸ ಮಾಡಿಸಬೇಕು. ಬೆಸುಗೆಯ ಹಿಂಬದಿಗೂ ಪ್ರೈಮರ್ ತಲುಪಿದೆಯೇ ಎಂದು ಬೆರಳಾಡಿಸಿ ನೋಡಿ, ಆಮೇಲೆ ಹಣ ಕೊಡಿ.